ಹೋಗುವಾಗ ಹಳೇ ರೋಡು, ಬರುವಾಗ ಎಕ್ಸ್‌ಪ್ರೆಸ್‌ವೇ: ಮೈಸೂರು ದಾರಿಯಲ್ಲಿ ನನ್ನ ಲೆಕ್ಕ

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದಾಗ ನಮ್ಮ ಬಳಗದಲ್ಲಿ ಎಲ್ಲರದೂ ಒಂದೇ ಮಾತು: ದಾರಿಯಲ್ಲಿ ನಿಲ್ಲಿಸಿಕೊಂಡು ಹೋಗುವ ಕಾಲ ಮುಗಿಯಿತು. ಮುಗಿದಿಲ್ಲ ಎಂದರೆ ಯಾರೂ ನಂಬಲಿಲ್ಲ. ಈಗ ಅವರೇ ಹೊರಡುವ ಹಿಂದಿನ ದಿನ ಫೋನ್ ಮಾಡಿ ಎಲ್ಲಿ ನಿಲ್ಲಿಸಬೇಕು ಎಂದು ಕೇಳುತ್ತಾರೆ.

ಹೋಗುವಾಗ ಮದ್ದೂರಿನವರೆಗೆ ಹಳೇ ರೋಡು ಮತ್ತು ಸರ್ವಿಸ್ ರೋಡು. ಅಲ್ಲಿಂದ ಮೈಸೂರಿಗೆ, ವಾಪಸ್ ಬರುವಾಗ ಪೂರ್ತಿ, ಎಕ್ಸ್‌ಪ್ರೆಸ್‌ವೇ. ನಡುನಡುವೆ ಹತ್ತಿ ಇಳಿಯುವುದು ಕೈಗೂಡುವುದಿಲ್ಲ. ಬಿಡದಿಯಲ್ಲಿ ತಿಂದು ಮೇಲೆ ಹತ್ತಿದಿರೋ, 22 ಕಿ.ಮೀ. ಬೈಪಾಸ್ ರಾಮನಗರ, ಚನ್ನಪಟ್ಟಣ ಎರಡನ್ನೂ ದಾಟಿಸಿಬಿಡುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆ, ಜಾನಪದ ಲೋಕದ ಮ್ಯೂಸಿಯಂ, ಕೆಂಗಲ್ ಆಂಜನೇಯನ ಗುಡಿ, ಗೊಂಬೆ ಅಂಗಡಿ ಎಲ್ಲ ಹಳೇ ರೋಡಿನಲ್ಲೇ ಉಳಿಯುತ್ತವೆ. ಮೇಲೆ ಹೋದರೆ ಮದ್ದೂರಿಗೆ ಮುಂಚಿನ ನಿಡಘಟ್ಟದವರೆಗೆ ಕಾರಿಗೆ ಟೋಲ್ ಕಟ್ಟಬೇಕು. ಕೆಳಗೆ ಹೋದರೆ ಅದು ಉಳಿಯುತ್ತದೆ, ಇಬ್ಬರ ತಿಂಡಿಯ ದುಡ್ಡು. ಬೈಕ್‌ನವರಿಗೆ 2023ರ ಆಗಸ್ಟ್‌ನಿಂದ ಮೇಲೆ ಪ್ರವೇಶವೇ ಇಲ್ಲ.

ನಿಲುಗಡೆ ಸೇರಿ ಮದ್ದೂರಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಆರೂವರೆಗೆ ಕೆಂಗೇರಿ ಬಿಡಬೇಕು. ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬರುವ ಗಾಡಿ, ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎರಡೂ ಮಾಮೂಲು. ಐವತ್ತರ ಮೇಲೆ ಓಡಿಸಬೇಡಿ.

ಬಿಡದಿ ತಟ್ಟೆ ಇಡ್ಲಿ ಎಂಟರೊಳಗೆ ಆಗಬೇಕು. ಭಾನುವಾರ ಒಂಬತ್ತಾದ ಮೇಲೆ ಪಾರ್ಕಿಂಗ್‌ಗೇ ಅರ್ಧ ಗಂಟೆ ಹೋಗುತ್ತದೆ. ಒಬ್ಬರಿಗೆ ಎರಡು ಸಾಕು, ಮುಂದೆ ವಡೆ ಇದೆ. ಜಾನಪದ ಲೋಕಕ್ಕೆ ಮಂಗಳವಾರ ರಜೆ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕೂಡಿಸಿದ ಸಂಗ್ರಹ ನೋಡಲು ಒಂದು ಗಂಟೆಯಾದರೂ ಬೇಕು, ಅಷ್ಟಿಲ್ಲದಿದ್ದರೆ ಇನ್ನೊಮ್ಮೆ ಬನ್ನಿ.

ಚನ್ನಪಟ್ಟಣದಲ್ಲಿ ದುಡ್ಡು ಕಳೆಯುವವರೇ ಹೆಚ್ಚು. ರಸ್ತೆಬದಿ ಅಂಗಡಿಯಲ್ಲಿ ಅರಗಿನ ಗೊಂಬೆಯ ಪಕ್ಕದಲ್ಲೇ ಪೇಂಟ್ ಹೊಡೆದದ್ದು, ಹೊರಗಿನಿಂದ ಬಂದ ಪ್ಲಾಸ್ಟಿಕ್ ಎಲ್ಲ ಇರುತ್ತದೆ. ಒಳಗಿನ ಬೀದಿಗಳಲ್ಲಿ ಕೆಲಸ ನಡೆಯುವ ಕಡೆ ಕೇಳಿ ನಿಂತು ನೋಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಹಾಗಾಗಿ ಅಸಲಿ ಗೊಂಬೆಯಲ್ಲಿ ಬ್ರಷ್ಷಿನ ಗೆರೆ ಇರುವುದಿಲ್ಲ, ಬಣ್ಣದ ಪಟ್ಟಿ ಸುತ್ತಲೂ ಒಂದೇ ಸಮ ಕೂತಿರುತ್ತದೆ. ಅನುಮಾನವಿದ್ದರೆ ಕೊಂಡ ಮೇಲೆ ತಳಭಾಗಕ್ಕೆ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ. ಅರಗು ಸ್ಪಿರಿಟ್‌ಗೆ ಕರಗುತ್ತದೆ, ಬಟ್ಟೆಗೆ ಬಣ್ಣ ಬರುತ್ತದೆ. ಗಟ್ಟಿ ಎನಾಮೆಲ್ ಪೇಂಟಾದರೆ ಅಲ್ಲಾಡುವುದಿಲ್ಲ. ಗೊಂಬೆಯನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟರೆ ಅರಗು ಮೆತ್ತಗಾಗಿ ಕಾಗದ ಅಂಟುತ್ತದೆ. ಬಟ್ಟೆ ಸುತ್ತಿ ಸೀಟಿನ ಕೆಳಗಿಡಿ.

ಫೆಬ್ರವರಿ, ಮಾರ್ಚ್ ಆದರೆ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಕೊಕ್ಕರೆ ಬೆಳ್ಳೂರು, ಸುಮಾರು 12 ಕಿ.ಮೀ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟಿರುತ್ತವೆ. ಮರದ ಕೆಳಗೆ ಕಾರು ನಿಲ್ಲಿಸಬೇಡಿ, ಹಿಕ್ಕೆ ಒಣಗಿದರೆ ಪೇಂಟ್ ತಿನ್ನುತ್ತದೆ. ಮಳೆಗಾಲದ ಕೊನೆಯಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕಾಗುತ್ತದೆ.

ಮದ್ದೂರು ವಡೆ ಮನೆ ಸೇರುವಷ್ಟರಲ್ಲಿ ಮೆತ್ತಗಾಗುತ್ತದೆ ಎಂಬ ದೂರು ಎಲ್ಲರದೂ. ತಪ್ಪು ವಡೆಯದಲ್ಲ, ಕವರಿನದು. ಒಂದೇ ಬಾಣಲೆಯ ವಡೆಯನ್ನು ಮೂರು ತರ ಕಟ್ಟಿ ನೋಡಿದೆ. ಬಿಸಿಬಿಸಿಯಾಗಿ ಪ್ಲಾಸ್ಟಿಕ್‌ಗೆ ಹಾಕಿದ್ದು ಈರುಳ್ಳಿಯ ಹಬೆಗೇ ಅರ್ಧ ಗಂಟೆಯಲ್ಲಿ ನೆನೆಯಿತು. ಪೇಪರಿನಲ್ಲಿ ಸುತ್ತಿದ್ದು ಸಂಜೆವರೆಗೆ ಪರವಾಗಿಲ್ಲ. ತೆರೆದ ಪೇಪರ್ ಮೇಲೆ ಇಪ್ಪತ್ತು ನಿಮಿಷ ಪೂರ್ತಿ ಆರಿಸಿ ಸ್ಟೀಲ್ ಡಬ್ಬಿಗೆ ಹಾಕಿದ್ದು ಮಾರನೇ ದಿನವೂ ಗರಿಗರಿ. ಮತ್ತೆ ಬಿಸಿ ಮಾಡುವುದು ಎಣ್ಣೆಯಿಲ್ಲದ ಕಾವಲಿಯಲ್ಲಿ, ಸಣ್ಣ ಉರಿಯಲ್ಲಿ. ನಾನು ಕೊಳ್ಳುವ ಅಂಗಡಿಯ ಹೆಸರು ಹೇಳುವುದಿಲ್ಲ, ಅಲ್ಲಿ ಹತ್ತು ಗಂಟೆಗೆ ಒಂದೇ ಬಾಣಲೆ ಇಳಿಯುವುದು.

ಬೆಲ್ಲ ಬೇಕಾದವರು ಮಾತ್ರ ಮಂಡ್ಯದವರೆಗೆ ಸರ್ವಿಸ್ ರೋಡು ಬಿಡಬಾರದು. ಹೊಗೆ ಕಂಡ ಕಡೆ ಆಲೆಮನೆ ಇರುತ್ತದೆ. ಹಳದಿ ಬೆಳ್ಳಗೆ ಹೊಳೆಯುವ ಬೆಲ್ಲಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿರುತ್ತಾರೆ, ಕಂದು ಬಣ್ಣದ್ದೇ ತನ್ನಿ. ಪಾಕ ಇಳಿಸುವ ಹೊತ್ತಿಗೆ ಹೋದರೆ ಅಚ್ಚಿನಿಂದ ನೇರ ಕೊಡುತ್ತಾರೆ. ಬಿಸಿ ಬೆಲ್ಲವನ್ನೂ ವಡೆಯ ಹಾಗೆ ಆರಿಸಿಯೇ ಕಟ್ಟಿಸಿ, ಇಲ್ಲದಿದ್ದರೆ ಬೆವತು ಜಿನುಗುತ್ತದೆ. ಯಾವ ಆಲೆಮನೆ ಎಂಬುದು ನನ್ನಲ್ಲೇ ಇರಲಿ.

ವಾಪಸ್ ಬರುವಾಗ ಎಲ್ಲೂ ಇಳಿಯಬೇಡಿ. ಕಾರಿಗೆ ಮಿತಿ ನೂರು, ಕ್ಯಾಮೆರಾಗಳಿವೆ. ಸಂಜೆ ಐದೂವರೆಯೊಳಗೆ ಕೆಂಗೇರಿ ದಾಟುವ ಹಾಗೆ ಮೈಸೂರು ಬಿಡಿ, ಆಮೇಲಾದರೆ ಉಳಿಸಿದ್ದೆಲ್ಲ ನಾಯಂಡಹಳ್ಳಿ ಟ್ರಾಫಿಕ್‌ನಲ್ಲಿ ಹೋಗುತ್ತದೆ.