ಯಾರ ಸಹಿ ಇಲ್ಲ? ಹಳೆ ಮನೆಯ ದಾಖಲೆಗಳನ್ನು ನಾನು ಓದುವ ಕ್ರಮ

ಬೆಂಗಳೂರಿನ ಹಳೆ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟವರು ನನ್ನ ಮುಂದೆ ಮೊದಲು ಇಡುವುದು ಖಾತೆ ಮತ್ತು ತೆರಿಗೆ ರಸೀದಿ. ಅವನ್ನು ಪಕ್ಕಕ್ಕಿಟ್ಟು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಮಾರುವವರಿಗೆ ಈ ಮನೆ ಹೇಗೆ ಬಂತು? ಸ್ವಂತ ದುಡ್ಡಿನಲ್ಲಿ ಕೊಂಡರೇ, ವಿಭಾಗದಲ್ಲಿ ಬಂತೇ, ದಾನವೇ, ವಿಲ್ಲೇ, ಅಥವಾ ತಂದೆ ತೀರಿಕೊಂಡ ಮೇಲೆ ಖಾತೆ ಮಾತ್ರ ಬದಲಾಯಿತೇ? ಕೊನೆಯದಾದರೆ ಕೆಲಸ ಹೆಚ್ಚು. ಖಾತೆ ತೆರಿಗೆ ಯಾರು ಕಟ್ಟಬೇಕೆಂಬ ಲೆಕ್ಕ, ಒಡೆತನದ ಪತ್ರವಲ್ಲ. ಹಿರಿಯ ಮಗನ ಹೆಸರಿಗೆ ಖಾತೆ ಆಗಿದೆ ಎಂದ ಮಾತ್ರಕ್ಕೆ ಒಡಹುಟ್ಟಿದವರ ಪಾಲು ಅಳಿಯುವುದಿಲ್ಲ.

ಆಗ ವಂಶವೃಕ್ಷ ತರಿಸುತ್ತೇನೆ. ಅದರಲ್ಲಿರುವುದು ಅರ್ಜಿದಾರರು ಹೇಳಿದ ಹೆಸರುಗಳಾದ್ದರಿಂದ ಅದನ್ನೇ ನಂಬಿ ಕೂರುವುದಿಲ್ಲ. ಪಡಿತರ ಚೀಟಿ, ಹಳೆಯ ವಿಭಾಗಪತ್ರ, ಮರಣ ಪ್ರಮಾಣ ಪತ್ರಗಳ ಜೊತೆ ತಾಳೆ ಹಾಕುತ್ತೇನೆ. ಬಳಿಕ ಹಾಳೆಯ ಮೇಲೆ ಸ್ವತಃ ಕುಟುಂಬದ ಮರ ಬರೆದು, ಪ್ರತಿ ಸಾವಿನ ಎದುರು ತಾರೀಖು ಹಾಕುತ್ತೇನೆ. ತಾರೀಖಿಲ್ಲದೆ ಪಾಲು ಲೆಕ್ಕ ಹಾಕಲಾಗದು.

ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವ ಸಹಿ ಅಜ್ಜಿಯ ಕಡೆಯದು. ಹಿಂದೂ ಕುಟುಂಬದ ಗಂಡಸು ಸ್ವಯಾರ್ಜಿತ ಮನೆ ಬಿಟ್ಟು, ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ತೀರಿಕೊಂಡವರ ತಾಯಿಗೂ ಸಮಪಾಲು ಬರುತ್ತದೆ. ಆ ತಾಯಿ ಆಗ ಬದುಕಿದ್ದು, ಐದು ವರ್ಷ ಕಳೆದು ತೀರಿಕೊಂಡರು ಎಂದಿಟ್ಟುಕೊಳ್ಳಿ. ಆ ಪಾಲು ಅವರ ಎಲ್ಲ ಮಕ್ಕಳಿಗೆ, ಅಂದರೆ ಮಾರುವವರ ಚಿಕ್ಕಪ್ಪ, ಅತ್ತೆಯರಿಗೂ ಹಂಚಿಹೋಗುತ್ತದೆ. ಮನೆಯವರು 'ನಾವು ಮೂವರೇ ವಾರಸುದಾರರು' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಅವರಿಗೂ ಇದು ಗೊತ್ತಿರುವುದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ನಿಯಮ ಬೇರೆ. ಸಹಿ ಹುಡುಕುವ ಕ್ರಮ ಮಾತ್ರ ಇದೇ.

ಮದುವೆಯಾಗಿ ಹೋದ ಹೆಣ್ಣುಮಕ್ಕಳ ವಿಷಯದಲ್ಲಿ 'ಮದುವೆಗೆ ಬೇಕಾದಷ್ಟು ಖರ್ಚು ಮಾಡಿದ್ದೇವೆ' ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ವಿಲ್ ಇಲ್ಲದೆ ಬಂದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಅವರ ಸಮಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲಿ ಆ ಕಾಯ್ದೆಯ 2005ರ ತಿದ್ದುಪಡಿ ಅವರನ್ನು ಗಂಡುಮಕ್ಕಳಿಗೆ ಸಮ ಮಾಡಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 20-12-2004ಕ್ಕೆ ಮೊದಲೇ ನೋಂದಾಯಿತ ವಿಭಾಗವೋ ಮಾರಾಟವೋ ಆಗಿದ್ದರೆ ಅದನ್ನು ಈ ತಿದ್ದುಪಡಿ ಕದಲಿಸುವುದಿಲ್ಲ. ಹಾಗಾಗಿ ವಿಭಾಗಪತ್ರ ಕೈಗೆ ಬಂದರೆ ನಾನು ಮೊದಲು ನೋಡುವುದು ತಾರೀಖು ಮತ್ತು ನೋಂದಣಿ ಸಂಖ್ಯೆ.

ಅಕ್ಕತಂಗಿಯರನ್ನು 'ಸಮ್ಮತಿ ಸಾಕ್ಷಿ' ಎಂದು ಕೊನೆಯ ಪುಟದಲ್ಲಿ ಸಹಿ ಹಾಕಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಪಾಲಿದ್ದವರು ಮಾರಾಟಗಾರರಾಗಿಯೇ ಕ್ರಯಪತ್ರದಲ್ಲಿ ಬರಬೇಕು, ಇಲ್ಲವೇ ಅದಕ್ಕೆ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿರಬೇಕು. ಬಿಳಿ ಹಾಳೆಯ ಮೇಲೆ ಬರೆದು ನೋಟರಿ ಮಾಡಿಸಿದ ಬಿಡುಗಡೆಗೆ ಬೆಲೆಯಿಲ್ಲ. ತಂದೆಯಿಂದ ಬಂದ ಪಾಲು ಅಪ್ರಾಪ್ತ ಮಗುವಿನದಾದರೆ ತಾಯಿಯ ಸಹಿ ಸಾಲದು, ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದ್ದನ್ನು ಆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಪ್ರಶ್ನಿಸಬಹುದು.

ವಾರಸುದಾರರೊಬ್ಬರು ವಿದೇಶದಲ್ಲಿದ್ದರೆ ಅವರು ಕೊಟ್ಟ ಮುಖ್ತ್ಯಾರನಾಮೆಯ (ಪವರ್ ಆಫ್ ಅಟಾರ್ನಿ) ಮೂಲಪ್ರತಿಯನ್ನೇ ನೋಡುತ್ತೇನೆ: ಅಲ್ಲಿನ ಭಾರತೀಯ ಕಾನ್ಸುಲೇಟ್ ಅಥವಾ ನೋಟರಿಯ ಮುಂದೆ ಆದದ್ದೇ, ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿದ್ದಾರೆಯೇ, ಮಾರುವ ಅಧಿಕಾರ ಸ್ಪಷ್ಟವಾಗಿ ಬರೆದಿದೆಯೇ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದು ಬಿದ್ದುಹೋಗುತ್ತದೆ, ಆದ್ದರಿಂದ ನೋಂದಣಿಯ ದಿನ ಬೆಳಿಗ್ಗೆ ಅವರೊಂದಿಗೆ ವಿಡಿಯೋ ಕರೆಯಲ್ಲಿ ಮಾತಾಡಿಸಿ ಎನ್ನುತ್ತೇನೆ. ಮುಖ್ತ್ಯಾರನಾಮೆಯನ್ನೇ ಕ್ರಯಪತ್ರದಂತೆ ತೋರಿಸಿ 'ಮಾರಿದ' ಮನೆಯಾದರೆ ಮುಂದೆ ಓದುವುದೇ ಇಲ್ಲ. ಅದರಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟಾದ ಮೇಲೆ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣ ಪತ್ರ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 1-4-2004ರಿಂದೀಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ತರಿಸಿ ಒಟ್ಟು 30 ವರ್ಷ ಮುಚ್ಚುತ್ತೇನೆ. ಒಂದೇ ಹುಡುಕಾಟಕ್ಕೆ ನಿಲ್ಲುವುದಿಲ್ಲ: ಸರ್ವೆ ನಂಬರ್, ಹಳೆಯ ಸೈಟ್ ನಂಬರ್, ಈಗಿನ ನಂಬರ್, ಮೂರರಲ್ಲೂ ತೆಗೆಸುತ್ತೇನೆ. ಸೈಟ್ 14 ನಂತರ 14/1 ಆಗಿದ್ದರೆ, ಹಳೆಯ ನಂಬರಿನ ಮೇಲೆ ಕೂತಿರುವ ಅಡಮಾನ ಹೊಸ ನಂಬರಿನ ಇಸಿಯಲ್ಲಿ ಕಾಣದೆ ಹೋಗಬಹುದು. ನಮೂನೆ 16, ಅಂದರೆ ಏನೂ ವಹಿವಾಟಿಲ್ಲ ಎಂಬ ಪ್ರಮಾಣ ಪತ್ರ ಬಂದರೆ ಜನ ಖುಷಿಪಡುತ್ತಾರೆ, ನಾನು ನಂಬರ್ ತಪ್ಪಿದೆಯೇ ಎಂದು ಮತ್ತೆ ನೋಡುತ್ತೇನೆ. ವಿಲ್, ನೋಂದಾಯಿಸದ ಕರಾರು, ಬಾಕಿ ತೆರಿಗೆ ಯಾವುದೂ ಇಸಿಯಲ್ಲಿ ಬರುವುದಿಲ್ಲ. ದಾವೆಯ ವಿಷಯಕ್ಕೂ ಅದನ್ನು ನಂಬುವಂತಿಲ್ಲ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕುಟುಂಬದ ಮರದ ಮೇಲಿನ ಪ್ರತಿ ಹೆಸರು ಹಾಕಿ ಹುಡುಕುತ್ತೇನೆ.

ಮಾರುವವರ ಮೇಲೆ ಬ್ಯಾಂಕ್ ಸಾಲವಿದ್ದರೆ ಹೆದರಬೇಕಾಗಿಲ್ಲ. ಎಡವುವುದು ಮಾರಾಟದ ಕರಾರಿನ ಅವಧಿಯಲ್ಲಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲಪತ್ರ ಹಿಂದಿರುಗಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ, ತಡವಾದರೆ ದಿನಕ್ಕೆ 5,000 ರೂಪಾಯಿ. ಆ 30 ದಿನ, ಋಣಮುಕ್ತಿ ಪತ್ರದ ನೋಂದಣಿ, ಹೊಸ ಇಸಿ, ಇಷ್ಟಕ್ಕೆ 45 ದಿನದ ಕರಾರು ಸಾಲುವುದೇ ಇಲ್ಲ. ನಾನು 90 ದಿನ ಹಾಕಿಸುತ್ತೇನೆ. ಇ-ಖಾತೆ, ಅಂದರೆ ಖಾತೆಯ ಡಿಜಿಟಲ್ ರೂಪ, ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ ಎಂದೂ ಹೇಳುತ್ತೇನೆ, ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ. ಮುಂಗಡ 20,000 ಅಥವಾ ಅದಕ್ಕಿಂತ ಹೆಚ್ಚಾದರೆ ನಗದು ಬೇಡ. ಕರಾರಿನಲ್ಲೇ ಸ್ವಾಧೀನ ಕೊಟ್ಟಿದ್ದೇವೆ ಎಂದು ಬರೆದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಖರ್ಚಿನ ಲೆಕ್ಕ 80 ಲಕ್ಷದ ಮನೆಗೆ, ನಗರ ವ್ಯಾಪ್ತಿಯಲ್ಲಿ ಹೀಗೆ: ಮುದ್ರಾಂಕ ಶೇ. 5ರಂತೆ 4 ಲಕ್ಷ, ಅದರ ಮೇಲೆ ಸೆಸ್ 40,000, ಸರ್ಚಾರ್ಜ್ 8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆದ್ದರಿಂದ 1,60,000. ಒಟ್ಟು 6,08,000. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಕೊಳ್ಳುವವರೇ ಹಿಡಿದು ಕಟ್ಟಬೇಕು. ನಾಲ್ವರು ವಾರಸುದಾರರು ಮಾರಿದರೆ ನಾಲ್ವರ ಪ್ಯಾನ್‌ಗೂ ಬೇರೆ ಬೇರೆ. ತಲಾ 20 ಲಕ್ಷವಷ್ಟೇ ಎಂದು ಬಿಡುವಂತಿಲ್ಲ, ಮಿತಿ ಒಟ್ಟು ಬೆಲೆಗೆ. ವಿದೇಶದಲ್ಲಿ ನೆಲೆಸಿದವರ ಪಾಲಿಗೆ ಮಾತ್ರ ಶೇ. 1 ಅಲ್ಲ, ಬಹಳ ಹೆಚ್ಚಿನ ದರ. ಕಡಿಮೆ ಕಡಿತದ ಪ್ರಮಾಣ ಪತ್ರವನ್ನು ಅವರು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತರಬೇಕು, ಅದಕ್ಕೂ ವಾರಗಳು ಹಿಡಿಯುತ್ತವೆ.

ನೋಂದಣಿಯ ಹಿಂದಿನ ದಿನ ಕರಡನ್ನು ಹಿಡಿದು ಮನೆಯ ಮುಂದೆ ನಿಂತು ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ, ಓದಿಸುತ್ತೇನೆ. ಪೂರ್ವಕ್ಕೆ 'ಖಾಲಿ ಜಾಗ' ಎಂದು 1988ರ ಪತ್ರದಿಂದ ನಕಲಾಗಿ ಬಂದಿರುತ್ತದೆ, ಅಲ್ಲಿ ಈಗ ಮೂರಂತಸ್ತಿನ ಮನೆ ಇರುತ್ತದೆ. ಅಡಿ ಲೆಕ್ಕವನ್ನೂ ಟೇಪು ಹಿಡಿದೇ ನೋಡಬೇಕು. ಆಮೇಲೆ ಅದನ್ನು ಸರಿಪಡಿಸಲು ತಿದ್ದುಪಡಿ ಪತ್ರಕ್ಕೆ ಅಷ್ಟೂ ವಾರಸುದಾರರನ್ನು ಮತ್ತೆ ಕರೆತರಬೇಕಾಗುತ್ತದೆ.