ಸೆಡ್ ಆದಮೇಲೆ ವಿಲ್ ಬರಬಹುದಾ? ಪಾಠ ಮಾಡುವಾಗ ನಾನು ಅನುಸರಿಸುವ ಕ್ರಮ

ರಾಯಚೂರು ಕಡೆ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನವರಿಗೆ ಇಂಗ್ಲಿಷ್ ಹೇಳುವಾಗ ‘ಪಾಸ್ಟು, ಫ್ಯೂಚರು ಒಂದೇ ವಾಕ್ಯದಲ್ಲಿ ಕಲಸಬೇಡಿ’ ಅನ್ನುವ ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವುದಿಲ್ಲ. ಅದು ಸುಳ್ಳು. ‘ಐ ಲಾಸ್ಟ್ ಮೈ ಬಸ್ ಪಾಸ್, ಸೋ ಐ ವಿಲ್ ಬೈ ಎ ಟಿಕೆಟ್’ ಅಂದರೆ ತಪ್ಪೇನೂ ಇಲ್ಲ. ಪಾಸು ಕಳೆದದ್ದು ಆಗಿಹೋಯಿತು, ಟಿಕೆಟ್ ತಗೊಳ್ಳುವುದು ಇನ್ನು ಮೇಲೆ. ಆ್ಯಂಡ್, ಬಟ್, ಸೋ ಸೇರಿಸಿದ ಕಡೆ ಪ್ರತಿ ಕ್ರಿಯಾಪದಕ್ಕೂ ಅದರದರ ಕಾಲ.

ತೊಡಕು ಸೆಡ್, ಟೋಲ್ಡ್, ಥಾಟ್, ಪ್ರಾಮಿಸ್ಡ್ ಬಂದಾಗ. ‘ನಾಳಿ ಬರ್ತೀನಿ ಅಂದ’ ಅನ್ನುವಾಗ ನಾವು ಆಡಿದ ಮಾತನ್ನು ಹಾಗೇ ಇಟ್ಟು ‘ಅಂದ’ ಹಚ್ಚುತ್ತೇವೆ. ಅದೇ ರೂಢಿಯಲ್ಲಿ ಹುಡುಗರು ‘ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೊ’ ಅಂತ ಬರೆಯುತ್ತಾರೆ. ಮೊದಲು ಐ ತೆಗೆದು ಹಿ ಹಾಕಿಸುತ್ತೇನೆ, ಆಮೇಲೆ ವಿಲ್ ಜಾಗದಲ್ಲಿ ವುಡ್, ಕೊನೆಗೆ ಟುಮಾರೊ ಬದಲು ದ ನೆಕ್ಸ್ಟ್ ಡೇ. ವಿಲ್‌ನಿಂದ ಶುರು ಮಾಡಿದವರು ಐ ತಿದ್ದುವುದನ್ನು ಮರೆಯುತ್ತಾರೆ. ‘ಹಿ ಸೆಡ್ ದಟ್ ಐ ವುಡ್ ಕಮ್’ ಆದರೆ ಬರಬೇಕಾದವನೇ ಬದಲಾದ. ಸೆಡ್ ಬದಲು ಸೇಸ್ ಇದ್ದರೆ ವಿಲ್ ಮುಟ್ಟಬೇಕಿಲ್ಲ.

ಇನ್ನು ಸೆಡ್ ಆದಮೇಲೆ ವಿಲ್ ಬರಲೇಬಾರದಾ? ಬರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆ ನಂಬಿದ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಗರಜಿಲ್ಲ. ‘ದೆ ಸೆಡ್ ದಟ್ ದೆ ವಿಲ್ ಕ್ಲೋಸ್ ದ ಗ್ಯಾಪ್’ ಅಂತ ಮರುದಿನ ಬರೆದಿದ್ದರೆ ಸರಿ, ಕೆಲಸ ಇನ್ನೂ ಮುಂದಿತ್ತು. ಆಗ ವುಡ್ ಬರೆದರೂ ಸರಿಯೇ. ಅದೇ ತಿಂಗಳು ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರಲ್ಲ, ಅಲ್ಲಿಂದ ಈಚೆಗೆ ವುಡ್ ಒಂದೇ. ಬರೆಯುವ ಈ ಹೊತ್ತಿಗೆ ಆ ಕೆಲಸ ಇನ್ನೂ ಆಗಬೇಕಾ ಅಂತ ಕೇಳಿಕೊಳ್ಳಿ. ಹೌದಾದರೆ ಎರಡೂ ನಡೆಯುತ್ತವೆ. ಆಗಿಹೋಗಿದ್ದರೆ, ಆಯಿತೋ ಇಲ್ಲವೋ ಗೊತ್ತಿಲ್ಲದಿದ್ದರೆ, ವುಡ್. ಪರೀಕ್ಷೆಯ ರಿಪೋರ್ಟೆಡ್ ಸ್ಪೀಚ್‌ನಲ್ಲಿ, ಅಂದರೆ ಒಬ್ಬರು ಆಡಿದ ಮಾತನ್ನು ನಮ್ಮ ಮಾತಿನಲ್ಲಿ ತಿರುಗಿಸಿ ಬರೆಯುವ ಪ್ರಶ್ನೆಯಲ್ಲಿ, ಮಾತ್ರ ಈ ತರ್ಕ ಬೇಡ. ಸೆಡ್ ಕಂಡರೆ ವುಡ್ ಬರೆದು ಮಾರ್ಕ್ಸ್ ತಗೊಳ್ಳಿ.

ಇಫ್ ಬಂದರೆ ಗೊಂದಲ ಬೇರೆ ಥರ. ‘ಮಳಿ ಬಂದ್ರ ಬಿತ್ತತೀವಿ’ ಅನ್ನುವಾಗ ಮಳೆ ಇನ್ನೂ ಬಂದಿಲ್ಲ, ಆದರೂ ನಮ್ಮ ಬಾಯಲ್ಲಿ ಬರುವುದು ‘ಬಂದ’. ಅದಕ್ಕೇ ‘ಇಫ್ ಇಟ್ ರೇನ್ಡ್, ವಿ ವಿಲ್ ಸೋ’ ಅಂತ ಬರೆಯುತ್ತಾರೆ (ಇಲ್ಲಿ ಸೋ ಅಂದರೆ ಬಿತ್ತುವುದು). ತಿದ್ದಲು ಹೇಳಿದರೆ ‘ಇಫ್ ಇಟ್ ವಿಲ್ ರೇನ್’ ಅನ್ನುತ್ತಾರೆ. ಬೇಕಾದದ್ದು ‘ಇಫ್ ಇಟ್ ರೇನ್ಸ್, ವಿ ವಿಲ್ ಸೋ’. ರೇನ್ಡ್ ಬೇಕೆಂದರೆ ಜೊತೆಗೆ ವುಡ್ ಬರಬೇಕು, ಆಗ ಮಳೆಯ ಭರವಸೆ ಇಲ್ಲ ಅಂತ ಅರ್ಥ.

ಆಫ್ಟರ್, ಬಿಫೋರ್, ಅಂಟಿಲ್‌ಗೂ ಇದೇ ಕಟ್ಟು. ವೆನ್ ಒಂದನ್ನು ಎರಡು ಸಲ ನೋಡಬೇಕು: ‘ಬಂದಾಗ ಹೇಳ್ತೀನಿ’ ಅನ್ನುವ ವೆನ್ ಪಕ್ಕ ವಿಲ್ ಬೇಡ, ‘ವೆನ್ ಹಿ ಕಮ್ಸ್’. ‘ಯಾವಾಗ ಬರ್ತಾನೋ ಗೊತ್ತಿಲ್ಲ’ ಅನ್ನುವುದಾದರೆ ವಿಲ್ ಇರಲೇಬೇಕು, ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’.