ಟಿವಿಗೆ ಹೋಗುವ ಮುಂಚಿನ ಎಪಿಸೋಡ್

ನಾನು ಕನ್ನಡ ಧಾರಾವಾಹಿಗಳ ಎಡಿಟರ್. ಶೂಟ್ ಮಾಡಿದ್ದನ್ನು ಸಾಲಾಗಿ ಜೋಡಿಸಿದ ಕಚ್ಚಾ ಪ್ರತಿಗೆ ರಫ್ ಕಟ್ ಅನ್ನುತ್ತೇವೆ. ಅದು ನಾಲ್ಕು ಸೀನ್ ಜಾಸ್ತಿ ಇರುವ ಎಪಿಸೋಡ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸೀನ್ ಹೋಗೋದು ಬರೋದು ಇದ್ದೇ ಇದೆ. ದೊಡ್ಡ ವ್ಯತ್ಯಾಸ ಇರುವುದು ಸದ್ದಿನಲ್ಲಿ.

ಶೂಟಿಂಗ್ ಆದಮೇಲೆ ಮಾತನ್ನು ಬೇರೆಯಾಗಿ ಡಬ್ಬಿಂಗ್ ಮಾಡುವ ಧಾರಾವಾಹಿಗಳ ಸೆಟ್‌ನಲ್ಲಿ ಪ್ರಾಂಪ್ಟಿಂಗ್ ಇರುತ್ತದೆ. ಕ್ಯಾಮೆರಾ ಪಕ್ಕದಲ್ಲಿ ನಿಂತ ಸಹಾಯಕ ನಿರ್ದೇಶಕ ಒಂದೊಂದೇ ಸಾಲು ಓದುತ್ತಾನೆ, ಕಲಾವಿದರು ಕೇಳಿಸಿಕೊಂಡು ಹೇಳುತ್ತಾರೆ. ರಫ್ ಕಟ್‌ನಲ್ಲಿ ಅವನ ದನಿ ಹಾಗೇ ಇರುತ್ತದೆ. 'ನೀನು ಈ ಮನೆಗೆ ಬರಬಾರದಿತ್ತು' ಅಂತ ಮೊದಲು ಅವನು ಒಂದೇ ರಾಗದಲ್ಲಿ ಓದುತ್ತಾನೆ. ಆಮೇಲೆ ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ಹೇಳುತ್ತಾರೆ. ನಡುವಿನ ಒಂದೆರಡು ಸೆಕೆಂಡ್ ಅತ್ತೆಯ ಮುಖದಲ್ಲಿ ಸಿಟ್ಟಿಲ್ಲ, ಬರೀ ಕೇಳಿಸಿಕೊಳ್ಳುವ ಗಮನ.

ಆ ಜಾಗಕ್ಕೆ ಸೊಸೆಯ ಮುಖ ಹಾಕುತ್ತೇನೆ. ಸೆರಗು ಹಿಡಿದ ಅವಳ ಬೆರಳು ಬಿಗಿಯಾಗುವ ಶಾಟ್ ಸಿಕ್ಕರಂತೂ ನನಗೆ ಹಬ್ಬ. ಸೆಕೆಂಡಿಗೆ 25 ಫ್ರೇಮ್. ಐದಾರು ಫ್ರೇಮ್ ಆಚೀಚೆ ಆದರೂ ಸಿಟ್ಟಿನ ಬಿಸಿ ಆರಿಹೋಗುತ್ತದೆ. ಪ್ರಸಾರದಲ್ಲಿ ನೋಡಿದವರಿಗೆ ಅತ್ತೆ ಅಳೆದು ತೂಗಿ ಆ ಮಾತಾಡಿದ ಹಾಗೆ ಕಾಣುತ್ತದೆ. ಜನರೇಟರ್ ಗುಂಯ್‌ಗುಡುವ ಸದ್ದೂ ಕಾಗೆ ಕೂಗೂ ಡಬ್ಬಿಂಗ್‌ನಲ್ಲಿ ಹೋಗುತ್ತವೆ. ಜೊತೆಗೆ ಬಳೆಯ ಸದ್ದೂ ಹೋಗುತ್ತದೆ, ಅದನ್ನು ಮತ್ತೆ ಸೇರಿಸಬೇಕು.

ಬಣ್ಣ, ಗ್ರಾಫಿಕ್ಸ್, ಹಿನ್ನೆಲೆ ಸಂಗೀತ ಎಲ್ಲಾ ಆಮೇಲಿನ ಮಾತು. ಬ್ರಿಟನ್‌ನ 'ಡಾಕ್ಟರ್ ಹೂ' ಧಾರಾವಾಹಿಯ ಅಪೂರ್ಣ ಪ್ರತಿಗಳು 2014ರಲ್ಲಿ ಪ್ರಸಾರಕ್ಕೆ ಮುಂಚೆಯೇ ಸೋರಿಕೆಯಾದವು. ಕಪ್ಪು ಬಿಳುಪು ಚಿತ್ರ, ಅರ್ಧಂಬರ್ಧ ಗ್ರಾಫಿಕ್ಸ್. ಅಂಥದ್ದನ್ನು ನೋಡಿ ಎಪಿಸೋಡ್ ಹೇಗಿದೆ ಅಂತ ತೀರ್ಪು ಕೊಡುವುದು ಅನ್ಯಾಯ ಅಲ್ವಾ?

ಉದ್ದದ ವಿಷಯದಲ್ಲಿ ಡೈಲಿ ಧಾರಾವಾಹಿಯ ಕಷ್ಟವೇ ಬೇರೆ. ಜಾಹೀರಾತು ಕಳೆದರೆ ಅರ್ಧ ಗಂಟೆಯಲ್ಲಿ ನಮಗೆ ಉಳಿಯುವುದು ಸುಮಾರು 22 ನಿಮಿಷ. ಸಿನಿಮಾದಲ್ಲಿ ರಫ್ ಕಟ್ ಉದ್ದವಿರುತ್ತದೆ, ಕಡಿಮೆ ಮಾಡುತ್ತಾ ಹೋಗುತ್ತಾರೆ. ನಮಗೆ ಎಷ್ಟೋ ಸಲ 18 ನಿಮಿಷವೇ ಕೈಗೆ ಬರುತ್ತದೆ. ಮಳೆ ಬಂತು, ಕಲಾವಿದರ ಡೇಟ್ ಸಿಗಲಿಲ್ಲ, ಹೀಗೆ ಏನೋ ಒಂದು. ಆಗ ಹಿಂದಿನ ಸಂಚಿಕೆಯ ತುಣುಕು ಉದ್ದವಾಗುತ್ತದೆ, ರಿಯಾಕ್ಷನ್ ಶಾಟ್ ಹಿಗ್ಗುತ್ತದೆ. 'ಎಳೀತಾರೆ' ಅಂತ ವೀಕ್ಷಕರು ಬೈಯುವುದು ಸರಿಯೇ. ಮೂರು ಸಲ ಜೂಮ್ ಹಾಕುವುದಕ್ಕಿಂತ ಹಿರಿಯ ಕಲಾವಿದರೊಬ್ಬರ ಮುಖವನ್ನು ಸುಮ್ನೆ ನಾಲ್ಕು ಸೆಕೆಂಡ್ ಬಿಡುವುದು ನನಗಿಷ್ಟ.

ಕೊನೆಗೆ ಹುಕ್, ಅಂದರೆ ನಾಳೆಯೂ ನೋಡಬೇಕು ಅನ್ನಿಸುವ ಹಾಗೆ ಎಪಿಸೋಡ್ ನಿಲ್ಲಿಸುವ ಜಾಗ. ರಫ್ ಕಟ್‌ನಲ್ಲಿ ಕಪಾಳಮೋಕ್ಷ ನಡುವೆ ಎಲ್ಲೋ ಇರುತ್ತದೆ. ಪ್ರಸಾರದಲ್ಲಿ ಎತ್ತಿದ ಕೈ ಫ್ರೀಜ್ ಆಗಿ ಅಲ್ಲೇ ಎಪಿಸೋಡ್ ಮುಗಿಯುತ್ತದೆ. ಏಟು ಬೀಳುವುದು ನಾಳೆಯ ಎಪಿಸೋಡಿನಲ್ಲಿ.